ಎರಡು ದಿನ ರಜೆಯಿದ್ದರೂ ಒಂದು ನಳದ ದುರಸ್ತಿ ಆಗಲಿಲ್ಲ: ನಿಮ್ಮ ಶನಿವಾರ, ರವಿವಾರಗಳು ಹೇಗೆ ಕಳೆಯುತ್ತವೆ?

ಮೂರನೆಯ ಗೇಟು (ಬೆಳಗಾವಿ) | ರವಿವಾರ, ರಾತ್ರಿ 9.40

ಬೆಳಗಾವಿಯಲ್ಲಿ ವಾರದ ದಿನಗಳಿಗೆ ವಿಳಾಸವಿದೆ. ಪೇಟೆಯೊಳಗೆ ಶನಿವಾರ ಖೂಟ್ ಇದೆ, ರವಿವಾರ ಪೇಟೆ ಇದೆ. ನಮ್ಮ ತಿಲಕವಾಡಿಯಲ್ಲಿ ಮಂಗಳವಾರ ಪೇಟೆ, ಶುಕ್ರವಾರ ಪೇಟೆಗಳಿವೆ. ಶುಕ್ರವಾರ ಪೇಟೆಯ ಸಮೀಪದ ಮನೆಯಿಂದ ಹೊರಟು, ಶನಿವಾರ ಖೂಟ್ ದಾಟಿ, ರವಿವಾರ ಪೇಟೆಯ ಕಿರಾಣಿ ಮುಗಿಸಿ ಮರಳುವಷ್ಟರಲ್ಲಿ ನನ್ನ ಪಾಲಿಗೆ ನಿಜವಾದ ಸೋಮವಾರವೇ ಬಂದಿರುತ್ತದೆ. ಈ ವಾರವೂ ಹಾಗೆಯೇ ಆಯಿತು. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ಎಲ್ಲಿ ಆಯಿತೆಂಬುದು ನನಗೆ ಇನ್ನೂ ತಿಳಿದಿಲ್ಲ.

ಶುಕ್ರವಾರ ರಾತ್ರಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಒಂಬತ್ತು ಕೆಲಸಗಳಿದ್ದವು. ಬಚ್ಚಲಿನ ಸೋರುವ ನಳ, ಐದು ಕಿಲೋ ಜೋಳ ಬೀಸಿಸುವುದು, ಬ್ಯಾಂಕಿನಲ್ಲಿ ತಂದೆಯವರ ಖಾತೆಯ ಒಂದು ಸಹಿ, ಮುಂಬಾಗಿಲಿನ ಕೀಲಿಗೆ ಇನ್ನೊಂದು ಚಾವಿ, ಅಡುಗೆ ಅನಿಲ, ಇಸ್ತ್ರಿಗೆ ಕೊಟ್ಟ ಬಟ್ಟೆ, ರದ್ದಿ, ಕಾಯಿಪಲ್ಯ, ಅಡುಗೆ ಎಣ್ಣೆ. ಒಂದೊಂದನ್ನು ಬಿಡಿಯಾಗಿ ನೋಡಿದರೆ ಯಾವುದೂ ಅರ್ಧ ಗಂಟೆಗಿಂತ ಹೆಚ್ಚಿನದಲ್ಲ. ರವಿವಾರ ರಾತ್ರಿಗೆ ಮುಗಿದದ್ದು ಎರಡು: ಕಾಯಿಪಲ್ಯ ಮತ್ತು ಇಸ್ತ್ರಿ.

ನಳದಿಂದ ಆರಂಭಿಸುತ್ತೇನೆ. ಅದು ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುತ್ತಿತ್ತು. ರಾತ್ರಿ ಕೆಳಗೆ ಇಟ್ಟ ತಂಬಿಗೆ ಬೆಳಗಾಗುವಷ್ಟರಲ್ಲಿ ಅಂಚಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ಸಲೈನಿಗೆ ಬಳಸುವ ಲೆಕ್ಕದಂತೆ 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ದಿನದ 86,400 ಹನಿಗಳಿಗೆ 4 ಲೀಟರಿಗೂ ಮೇಲೆ ನೀರು ಹೋಗುತ್ತದೆ. ಅದನ್ನು ನಿಲ್ಲಿಸಲು ಶನಿವಾರ ಬೆಳಿಗ್ಗೆ ಪಿಶವಿ ಹಿಡಿದು ಹೊರಟಾಗ ತಾಯಿಯವರು ಬಾಗಿಲಲ್ಲಿಯೇ ತಡೆದರು: "ಶನಿವಾರ ಕಬ್ಬಿಣ ಮನೆಗೆ ತರಬಾರದು." ನಳ ಹಿತ್ತಾಳೆಯದು ಎಂದು ನಾನು ವಾದಿಸಿದೆ. ಅವರು ಒಂದು ಕ್ಷಣ ಯೋಚಿಸಿ, "ಅದರೊಳಗಿನ ತಿರುಪು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಶನಿವಾರ ಎಣ್ಣೆಯನ್ನೂ ತರುವಂತಿಲ್ಲ. ಆದ್ದರಿಂದ ಚೀಟಿಯ ಎರಡು ಸಾಲುಗಳು ಮನೆ ಬಿಡುವ ಮೊದಲೇ ರವಿವಾರಕ್ಕೆ ಸರಿದವು.

ಬ್ಯಾಂಕಿನ ಮುಂದೆ ಹೋಗಿ ನಿಂತ ಮೇಲೆ ಅದು ಎರಡನೆಯ ಶನಿವಾರವೆಂದು ನೆನಪಾಯಿತು. ಗಿರಣಿಯಲ್ಲಿ ನನ್ನ ಮುಂದೆ ಹನ್ನೊಂದು ಡಬ್ಬಿಗಳಿದ್ದವು, ಹನ್ನೆರಡನೆಯದಾಗಿ ನಾನು ನಿಂತೆ. ಒಂದು ಗಂಟೆಯ ನಂತರ ಗಿರಣಿಯವರು ನನ್ನ ಜೋಳದಲ್ಲಿ ಕೈಯಾಡಿಸಿ, "ಇದು ಹಸಿ ಹಿಡಿದಿದೆ, ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿಸಿ ತನ್ನಿ" ಎಂದರು. ಜುಲೈ ತಿಂಗಳಿನ ಬೆಳಗಾವಿಯಲ್ಲಿ ಜೋಳವನ್ನು ಎಲ್ಲಿ ಒಣಗಿಸಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಗಿರಣಿಯಲ್ಲಿ ನಿಂತಿದ್ದಾಗಲೇ ಅನಿಲದ ಸಿಲಿಂಡರ್ ಮನೆಗೆ ಬಂದಿತ್ತು. ಆದರೆ ಅದನ್ನು ಪಡೆಯಲು ಬೇಕಾದ ಸಂಕೇತ ಸಂಖ್ಯೆ ನನ್ನ ಮೊಬೈಲಿನಲ್ಲಿತ್ತು, ಮೊಬೈಲು ಜೇಬಿನಲ್ಲಿತ್ತು, ಗಿರಣಿಯ ಸದ್ದಿನಲ್ಲಿ ಕರೆ ಕೇಳಿಸಲಿಲ್ಲ. ಸಿಲಿಂಡರ್ ಮರಳಿ ಹೋಯಿತು.

ರವಿವಾರ ನಳಕ್ಕಾಗಿ ಹೊರಟರೆ ನಾನು ಬಲ್ಲ ಮೂರು ಹಾರ್ಡ್‌ವೇರ್ ಅಂಗಡಿಗಳೂ ಮುಚ್ಚಿದ್ದವು. ನಾಲ್ಕನೆಯದು ಅರ್ಧ ಶಟರ್ ಎತ್ತಿತ್ತು. ಅಲ್ಲಿ ನನಗೆ ಬೇಕಾದ ವಸ್ತುವಿನ ಹೆಸರೇ ಬಾರದೆ ನಿಂತೆ. ಕನ್ನಡದಲ್ಲಿ "ನಳದ ಒಳಗೆ ತಿರುಗುವಂಥದ್ದು" ಎಂದೆ. ಪಕ್ಕದ ಗಿರಾಕಿಯೊಬ್ಬರು ಮರಾಠಿಯಲ್ಲಿ ಅದನ್ನೇ ಹೇಳಿ ನೆರವಾದರು. ನಾನು ಹಿಂದಿಯಲ್ಲಿ ಕೈ ತಿರುಗಿಸಿ ತೋರಿಸಿದೆ. ಮೂರು ಭಾಷೆಯಲ್ಲಿಯೂ ಆ ವಸ್ತುವಿಗೆ ಹೆಸರಿರಲಿಲ್ಲ. ಕೊನೆಗೆ ಅಂಗಡಿಯವರು ಕೊಟ್ಟದ್ದನ್ನು ತಂದು ಹಾಕಲು ಹೋದರೆ ಅದು ಕೂರಲಿಲ್ಲ. ಈಗ ಸೋರುತ್ತಿದ್ದ ನಳ ಮೊದಲಿಗಿಂತ ಹೆಚ್ಚು ಸೋರುತ್ತಿದೆ, ನಾನು ಅದಕ್ಕೆ ಹಳೆಯ ಪಂಚೆಯ ತುಂಡು ಸುತ್ತಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಕೆಲಸ ದೊಡ್ಡದಾಗಿ ದಣಿವಾದರೆ ಅದನ್ನು ಯಾರೂ ದೂರುವುದಿಲ್ಲ. ಆದರೆ ಎರಡು ದಿನ ಓಡಾಡಿಯೂ ಕೆಲಸವಾಗದೆ ದಣಿಯುವುದು ನನ್ನೊಬ್ಬನ ಅಜಾಗರೂಕತೆಯೇ, ಅಥವಾ ಎಲ್ಲರ ಮನೆಯಲ್ಲಿಯೂ ಹೀಗೆಯೇ?

ಗುಮ್ಮಟದೂರು (ವಿಜಯಪುರ) | ರವಿವಾರ, ರಾತ್ರಿ 10.05

ನಿಮ್ಮಲ್ಲಿ ನೀರು ಸೋರುವುದಾದರೂ ಸಿಹಿ ನೀರು. ನಮ್ಮ ಬೋರಿನ ಸವಳು ನೀರಿನಲ್ಲಿ ನಳಗಳು ಸೋರುವುದಕ್ಕಿಂತ ಮೊದಲು ಕಟ್ಟಿಕೊಳ್ಳುತ್ತವೆ. ನಳದ ಬಾಯಿಯ ಜಾಲರಿ, ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಹೋಗುವಲ್ಲಿನ ಸಣ್ಣ ಜಾಲರಿ, ಶವರಿನ ತೂತುಗಳು, ಇವೆಲ್ಲವನ್ನೂ ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್ ಅಥವಾ ನಿಂಬೆಹುಳಿಯಲ್ಲಿ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು ನನ್ನ ರವಿವಾರದ ಪೂಜೆ. ಆ ಬಿಳಿಯ ಪದರು ಸುಣ್ಣದ ಜಾತಿಯದು, ಹುಳಿಗೆ ಕರಗುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆದರೆ ಜಾಲರಿಯೇ ಹರಿಯುತ್ತದೆ. ಇದನ್ನು ಒಂದು ಜಾಲರಿ ಹರಿದ ಮೇಲೆ ಕಲಿತೆ.

ನಿಮ್ಮ ಪ್ರಶ್ನೆಗೆ ಉತ್ತರ: ನಮ್ಮ ಮನೆಯಲ್ಲಿಯೂ ಹೀಗೆಯೇ. ಯಾರಿಗಾದರೂ ಒಂದು ಕೆಲಸ ಹೇಳಿದರೆ ಗೋಲಗುಮ್ಮಟದಲ್ಲಿ ಕೂಗಿದಂತೆ ಆ ಮಾತು ಏಳು ಸಲ ಮರಳಿ ನನ್ನ ಕಿವಿಗೇ ಬಂದು ಬೀಳುತ್ತದೆ.

ಎರಡನೆಯ ಶನಿವಾರ (ಬೆಳಗಾವಿ) | ರವಿವಾರ, ರಾತ್ರಿ 10.30

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಬ್ಯಾಂಕು ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಈ ನಿಯಮ ಎಲ್ಲ ಬ್ಯಾಂಕುಗಳಿಗೂ ಒಂದೇ. 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ; ಉಳಿದ ಶನಿವಾರಗಳು ಪೂರ್ತಿ ಕೆಲಸದ ದಿನಗಳು. ಅದಕ್ಕೂ ಮೊದಲು ಎಲ್ಲ ಶನಿವಾರಗಳೂ ಅರ್ಧ ದಿನದವಾಗಿದ್ದವು. ಹಿರಿಯರಲ್ಲಿ ಅನೇಕರು ಈಗಲೂ ಆ ಹಳೆಯ ಲೆಕ್ಕದಲ್ಲಿ ಹನ್ನೊಂದು ಗಂಟೆಯೊಳಗೆ ಓಡೋಡಿ ಬರುತ್ತಾರೆ, ಮಧ್ಯಾಹ್ನ ಶಾಖೆ ಖಾಲಿಯಿರುತ್ತದೆ. ತಿಂಗಳಲ್ಲಿ ಐದನೆಯ ಶನಿವಾರ ಬಂದರೆ ಅದೂ ಕೆಲಸದ ದಿನವೇ. ಅಂದು ಜನ ಬರುವುದು ಕಡಿಮೆ, ಏಕೆಂದರೆ ಅರ್ಧದಷ್ಟು ಜನರಿಗೆ ಅಂದು ರಜೆಯೋ ಕೆಲಸವೋ ಎಂಬ ಸಂದೇಹ. ತಂದೆಯವರ ಸಹಿಯ ಕೆಲಸಕ್ಕೆ ಅಂಥ ದಿನವನ್ನು ಹುಡುಕಿಕೊಳ್ಳಿ.

ಇನ್ನೊಂದು ಮಾತು, ಚೀಟಿಯಲ್ಲಿ ಇಲ್ಲದಿದ್ದರೂ ಕಾಯಿಪಲ್ಯದ ಪೇಟೆಯಲ್ಲಿ ದಿನವೂ ನಡೆಯುವ ಜಗಳದ ಬಗ್ಗೆ. ಹತ್ತು ರೂಪಾಯಿಯ ನಾಣ್ಯವನ್ನು "ಇದು ನಡೆಯುವುದಿಲ್ಲ" ಎಂದು ಮರಳಿಸುವವರು ಇನ್ನೂ ಇದ್ದಾರೆ. ರೂಪಾಯಿಯ ಚಿಹ್ನೆ ಇರುವುದು, ಇಲ್ಲದಿರುವುದು, ಗೆರೆ ಹತ್ತು ಇರುವುದು, ಹದಿನೈದು ಇರುವುದು, ಎಲ್ಲವೂ ನಡೆಯುತ್ತವೆ. ಅಂದಿನವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕು 2018ರಲ್ಲಿಯೇ ಸ್ಪಷ್ಟಪಡಿಸಿದೆ. ಇದನ್ನು ಕೊತ್ತಂಬರಿ ಮಾರುವವರಿಗೆ ವಿವರಿಸಲು ಹೋಗಿ ನಾನೇ ಎರಡು ಸಲ ಸೋತಿದ್ದೇನೆ. ಈಗ ನಾಣ್ಯಗಳನ್ನು ಮನೆಯ ಡಬ್ಬಿಗೆ ಹಾಕುತ್ತೇನೆ.

ಬಿಳಿಜೋಳ (ಬೆಳಗಾವಿ, ವಡಗಾವಿ) | ಸೋಮವಾರ, ಬೆಳಿಗ್ಗೆ 6.15

ನಾನು ವಿಜಯಪುರ ಕಡೆಯ ಹಳ್ಳಿಯವಳು. ಮದುವೆಯಾಗಿ ಈ ಮಳೆಯ ಊರಿಗೆ ಬಂದವಳು. ಜೋಳದ ವಿಷಯ ಬಂದುದರಿಂದ ಸುಮ್ಮನಿರಲು ಆಗುತ್ತಿಲ್ಲ.

ಮೊದಲು ಗಿರಣಿಯವರ ಪರವಾಗಿ ಎರಡು ಮಾತು. ಹಸಿ ಹಿಡಿದ ಕಾಳು ಕಲ್ಲಿನ ಗೆರೆಗಳಲ್ಲಿ ಮೆತ್ತಿಕೊಂಡರೆ ಅವರು ಗಿರಣಿ ನಿಲ್ಲಿಸಿ, ಕಲ್ಲು ಎತ್ತಿ, ಕೆರೆದು ತೆಗೆಯಬೇಕು. ನಿಮ್ಮ ಹಿಂದೆ ನಿಂತ ಹತ್ತು ಜನರು ಆಗ ನಿಮ್ಮನ್ನೇ ನೋಡುತ್ತಾರೆ. ಮಳೆಗಾಲದಲ್ಲಿ ನಾನು ಹಿಂದಿನ ರಾತ್ರಿ ಜೋಳವನ್ನು ದೊಡ್ಡ ಕಡಾಯಿಯಲ್ಲಿ ಸಣ್ಣ ಉರಿಯ ಮೇಲೆ ಕೈಗೆ ಬೆಚ್ಚಗೆನಿಸುವಷ್ಟು ಮಾತ್ರ ಆಡಿಸಿ, ಹಳೆಯ ಸೀರೆಯ ಮೇಲೆ ಫ್ಯಾನಿನ ಕೆಳಗೆ ಹರಡುತ್ತೇನೆ. ಹುರಿಯಬಾರದು, ಹುರಿದರೆ ಹಿಟ್ಟಿನ ಜಿಗಿ ಹೋಗುತ್ತದೆ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯಬೇಕು, ಮೆತ್ತಗೆ ಚಪ್ಪಟೆಯಾಗಬಾರದು. ಅಷ್ಟಾದರೆ ಯಾವ ಗಿರಣಿಯವರೂ ಮರಳಿ ಕಳಿಸುವುದಿಲ್ಲ.

ಎರಡನೆಯದಾಗಿ, ಸರದಿ. ಜೋಳದ ಡಬ್ಬಿ ಒಯ್ದಾಗ ನಿಮ್ಮ ಮುಂದಿನವರದು ಗೋಧಿಯಾಗಿದ್ದರೆ ಎರಡು ಹಿಡಿ ಗೋಧಿ ಹಿಟ್ಟು ನಿಮ್ಮದರಲ್ಲಿ ಬಂದೇ ಬರುತ್ತದೆ. ಆದ್ದರಿಂದ ಒಳ್ಳೆಯ ಗಿರಣಿಯವರು ಜೋಳದವರನ್ನೆಲ್ಲ ಒಟ್ಟಿಗೆ ಬೀಸಿ ಆಮೇಲೆ ಗೋಧಿಗೆ ಹೋಗುತ್ತಾರೆ. ನೀವು ಹನ್ನೆರಡನೆಯವರಾಗಿ ನಿಂತೆ ಎಂದು ಬರೆದಿದ್ದೀರಿ. ಆದರೆ ಅದರಲ್ಲಿ ಜೋಳದವರು ಎಷ್ಟು ಜನರೆಂದು ಕೇಳಿದ್ದರೆ ಬಹುಶಃ ನಾಲ್ಕನೆಯವರಾಗಿರುತ್ತಿದ್ದಿರಿ. ಬೀಸಿದ ಹಿಟ್ಟನ್ನು ಬಿಸಿಯಿರುವಾಗಲೇ ಮುಚ್ಚಳ ಬಿಗಿದು ತರುವುದು ಗಂಡಸರು ಮಾಡುವ ಇನ್ನೊಂದು ತಪ್ಪು. ಡಬ್ಬಿಯೊಳಗೆ ಬೆವರಿ ಗಂಟುಕಟ್ಟುತ್ತದೆ. ಮುಚ್ಚಳ ಸಡಿಲಿಸಿ ತಂದು, ಪರಾತದಲ್ಲಿ ಆರಲು ಹಾಕಬೇಕು.

ಒಂದೇ ಸಲ ಹದಿನೈದು ಕಿಲೋ ಬೀಸಿಸಿಟ್ಟರೆ ಪ್ರತಿ ವಾರದ ಓಡಾಟ ತಪ್ಪುತ್ತದಲ್ಲವೇ ಎಂದು ನನ್ನ ಪತಿ ಹಲವು ಸಲ ಕೇಳಿದ್ದಾರೆ. ಗೋಧಿಯಲ್ಲಿರುವಂತೆ ಹಿಟ್ಟನ್ನು ಎಳೆದು ಹಿಡಿಯುವ ಅಂಟು ಜೋಳದಲ್ಲಿ ಇಲ್ಲ. ಎಸರಿನ ಬಿಸಿ ನೀರಿಗೆ ಹಿಟ್ಟು ಬೆಂದು ಬರುವ ಜಿಗಿಯ ಮೇಲೆಯೇ ರೊಟ್ಟಿ ನಿಲ್ಲಬೇಕು. ಹಿಟ್ಟು ಹಳೆಯದಾದಷ್ಟೂ ಆ ಜಿಗಿ ಕಡಿಮೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಮೂರು ವಾರಕ್ಕೆ ಕಹಿಯೂ ಬರುತ್ತದೆ. ಹದಿನೈದು ಕಿಲೋ ಬೀಸಿಸಿದವರು ಆ ಸೀಳಿದ ರೊಟ್ಟಿಯನ್ನು ತಾವೇ ಬಡಿಯುವುದಾದರೆ ನನ್ನ ಅಭ್ಯಂತರವಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಫ್ರಿಜ್ಜಿನ ಮೇಲಿನ ಆ ಚೀಟಿಯನ್ನು ಬರೆದವರು ಯಾರು?

ಮೂರನೆಯ ಗೇಟು (ಬೆಳಗಾವಿ) | ಸೋಮವಾರ, ಮಧ್ಯಾಹ್ನ 1.20

ಚೀಟಿ ಇನ್ನೂ ಅಲ್ಲಿಯೇ ಇದ್ದುದರಿಂದ ಬೆಳಿಗ್ಗೆ ಹೋಗಿ ನೋಡಿದೆ. ಒಂಬತ್ತರಲ್ಲಿ ಏಳು ಸಾಲು ನನ್ನ ಹೆಂಡತಿಯ ಅಕ್ಷರ. ನನ್ನವು ಎರಡು: ನಳ ಮತ್ತು ರದ್ದಿ.

ಒದ್ದೆ ಅಂಗಿ (ಬೆಳಗಾವಿ, ಹಿಂದವಾಡಿ) | ಸೋಮವಾರ, ಮಧ್ಯಾಹ್ನ 2.10

ಎಲ್ಲದಕ್ಕೂ ಈಗ ಆ್ಯಪ್ ಇರುವಾಗ ಸರದಿಯಲ್ಲಿ ನಿಲ್ಲುವುದೇಕೆ? ಕಿರಾಣಿ, ಕಾಯಿಪಲ್ಯ, ಹಿಟ್ಟು ಎಲ್ಲವೂ ಬಾಗಿಲಿಗೆ ಬರುತ್ತವೆ. ನನ್ನ ವಾರಾಂತ್ಯವನ್ನು ತಿನ್ನುವುದು ಬಟ್ಟೆ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಡಸಾಲೆಯಲ್ಲಿ ನಡೆಯಬೇಕಾದರೆ ತಲೆ ಬಗ್ಗಿಸಿ ನಡೆಯಬೇಕು. ಎರಡು ಕುರ್ಚಿ, ಒಂದು ಬಾಗಿಲು, ಮೆಟ್ಟಿಲಿನ ಕಟಾಂಜನ, ಎಲ್ಲದರ ಮೇಲೂ ಬಟ್ಟೆ. ಶನಿವಾರ ಒಗೆದ ಜೀನ್ಸ್ ಮಂಗಳವಾರಕ್ಕೂ ಸೊಂಟದ ಪಟ್ಟಿಯಲ್ಲಿ ತಣ್ಣಗಿರುತ್ತದೆ, ನಂತರ ಆ ಮುಗ್ಗಲು ವಾಸನೆ. ಮತ್ತೆ ಒಗೆದರೆ ಮತ್ತೆ ಅದೇ ಕಥೆ.

ಗುಮ್ಮಟದೂರು (ವಿಜಯಪುರ) | ಸೋಮವಾರ, ಮಧ್ಯಾಹ್ನ 2.25

ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೇಸಿಗೆಯಲ್ಲಿ ಕೊನೆಯ ಬಟ್ಟೆ ಒಣಹಾಕುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಎರಡು ಗಂಟೆ ಬಿಟ್ಟರೆ ಅದರ ಮೇಲೆ ಧೂಳು ಕೂತು ಮತ್ತೆ ಒಗೆಯಬೇಕಾಗುತ್ತದೆ. ಆ ಜೀನ್ಸನ್ನು ಇಲ್ಲಿಗೆ ಕಳಿಸಿ.

ಬಿಳಿಜೋಳ (ಬೆಳಗಾವಿ, ವಡಗಾವಿ) | ಸೋಮವಾರ, ರಾತ್ರಿ 8.50

ಒದ್ದೆ ಅಂಗಿಯವರಿಗೆ: ಊರಿಂದ ಚೀಲದಲ್ಲಿ ಬಂದ ನಮ್ಮ ಹೊಲದ ಜೋಳವನ್ನು ಯಾವ ಆ್ಯಪ್ ಬೀಸಿಕೊಡುತ್ತದೆಯೋ ತಿಳಿಸಿ, ಇಂದೇ ಹಾಕಿಸಿಕೊಳ್ಳುತ್ತೇನೆ. ಪೊಟ್ಟಣದ ಜೋಳದ ಹಿಟ್ಟು ಯಾವಾಗ ಬೀಸಿದ್ದೆಂಬುದು ನೀವು ರೊಟ್ಟಿ ಬಡಿಯಲು ಕುಳಿತಾಗ ಮಾತ್ರ ತಿಳಿಯುತ್ತದೆ.

ಬಟ್ಟೆಯ ವಾಸನೆ ಸಾಬೂನಿನ ದೋಷವಲ್ಲ. ಬಟ್ಟೆ ಬಹಳ ಹೊತ್ತು ಒದ್ದೆಯಾಗಿಯೇ ಉಳಿದಾಗ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ಅದು ಬರುತ್ತದೆ. ಆದ್ದರಿಂದ ಸುಗಂಧದ ದ್ರವ ಸುರಿಯುವುದಕ್ಕಿಂತ ಒಣಗುವ ಸಮಯವನ್ನು ಕಡಿಮೆ ಮಾಡುವುದೇ ದಾರಿ. ವಾರದ ಬಟ್ಟೆಯನ್ನೆಲ್ಲ ಶನಿವಾರವೇ ಒಗೆಯುವುದನ್ನು ಮೊದಲು ಬಿಡಿ. ದಿನ ಬಿಟ್ಟು ದಿನ ನಾಲ್ಕು ನಾಲ್ಕು ಬಟ್ಟೆ ಒಗೆದು, ಎರಡು ಸಲ ಹಿಂಡಿಸಿ, ಜೀನ್ಸನ್ನು ಒಳಮೈ ಹೊರಗೆ ಮಾಡಿ ಸೊಂಟದ ಕಡೆ ಮೇಲಿರುವಂತೆ ಗುಂಡಗೆ ತೆರೆದು ನೇತುಹಾಕಿ, ಫ್ಯಾನಿನ ಗಾಳಿ ಒಳಗೆ ಹೋಗುವಂತೆ ಮಾಡಿದರೆ ಮರುದಿನ ರಾತ್ರಿಗೆ ಒಣಗುತ್ತದೆ. ಈಗಾಗಲೇ ವಾಸನೆ ಹಿಡಿದದ್ದನ್ನು ಬಿಸಿ ನೀರಿನಲ್ಲಿಯೇ ಒಗೆಯಬೇಕು.

ಮೂರನೆಯ ಗೇಟಿನವರಿಗೆ: ಏಳು ಮತ್ತು ಎರಡು ಎಂದು ಪ್ರಾಮಾಣಿಕವಾಗಿ ಎಣಿಸಿ ಹೇಳಿದ್ದಕ್ಕೆ ಸಂತೋಷ. ಆದರೆ ಚೀಟಿಗೆ ಬರದ ಕೆಲಸಗಳೂ ಇವೆ. ಮಿಕ್ಸರಿನ ಜಾರಿನ ರಬ್ಬರು ಸಡಿಲಾಗಿದೆ ಎಂಬುದು, ಮಗುವಿನ ಸಮವಸ್ತ್ರದ ಅಂಚು ಬಿಚ್ಚಿದೆ ಎಂಬುದು, ಹೆಪ್ಪಿಗೆ ಮೊಸರು ಉಳಿಸಬೇಕೆಂಬುದು, ಸಿಲಿಂಡರ್ ಹದಿನೈದು ದಿನಕ್ಕೆ ಮುಗಿಯಬಹುದೆಂಬ ಅಂದಾಜು. ಇವನ್ನು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ, ಅದಕ್ಕೆ ಶನಿವಾರವೂ ಇಲ್ಲ, ರವಿವಾರವೂ ಇಲ್ಲ. ಸಂಕೇತ ಸಂಖ್ಯೆ ನಿಮ್ಮ ಮೊಬೈಲಿಗೇ ಬರುವಂತೆ ಇಟ್ಟುಕೊಂಡು, ಮನೆಯಲ್ಲಿರುವವರು ಬೇರೆಯವರಾದರೆ ಸಿಲಿಂಡರ್ ಮರಳಿ ಹೋಗದೆ ಏನು ಮಾಡುತ್ತದೆ? ನೋಂದಾಯಿತ ಸಂಖ್ಯೆಯನ್ನು ಬದಲಿಸಿ, ಅಥವಾ ಸಂಖ್ಯೆ ಬಂದ ಕೂಡಲೇ ಮನೆಗೆ ಕಳಿಸಿ.

ನವನಗರದ ಸೆಕ್ಟರ್ (ಬಾಗಲಕೋಟೆ) | ಸೋಮವಾರ, ರಾತ್ರಿ 9.30

ನಿಮ್ಮೆಲ್ಲರ ಊರು ಒಂದೇ ಕಡೆ ಇದೆ ಎಂಬುದೇ ನನಗೆ ಅಸೂಯೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಾಗಲಕೋಟೆಯ ಒಂದು ಭಾಗ ಹೋದ ಮೇಲೆ ನಮ್ಮದು ಒಂದೇ ಹೆಸರಿನ ಮೂರು ಊರು: ಹಳೆಯ ಬಾಗಲಕೋಟೆ, ವಿದ್ಯಾಗಿರಿ, ನವನಗರ. 1997ರಲ್ಲಿ ಜಿಲ್ಲೆಯಾದ ಮೇಲೆ ಸರ್ಕಾರಿ ಕಚೇರಿಗಳು ನವನಗರದಲ್ಲಿ ನೆಲೆಸಿದವು; ಬಟ್ಟೆ, ಪಾತ್ರೆ, ಕಾಳುಕಡಿಗಳ ಹಳೆಯ ಅಂಗಡಿಗಳು ಹಳೆಯ ಊರಿನಲ್ಲಿ ಉಳಿದವು. ನವನಗರದ ರಸ್ತೆಗಳು ಅಗಲ, ಗಾಡಿ ನಿಲ್ಲಿಸಲು ಬೇಕಾದಷ್ಟು ಜಾಗ, ಆದರೆ ತಾಯಿಯವರು ಬಯಸುವ ಗುಳೇದಗುಡ್ಡದ ಖಣದ ತುಂಡಿಗೆ ಅವರಿಗೆ ಒಪ್ಪಿಗೆಯಾಗುವ ಅಂಗಡಿ ಹಳೆಯ ಊರಿನದೇ. ಸೆಕ್ಟರ್ ಸಂಖ್ಯೆಯಲ್ಲಿ ವಿಳಾಸ ಹೇಳುವ ನಾನು, ಗಲ್ಲಿಯ ತಿರುವಿನಲ್ಲಿ ವಿಳಾಸ ಹೇಳುವ ದರ್ಜಿಯವರನ್ನು ಹುಡುಕುತ್ತ ಶನಿವಾರ ಕಳೆಯುತ್ತೇನೆ. "ರವಿವಾರ ತಗೊಂಡು ಹೋಗಿ" ಎಂದು ದರ್ಜಿ ಹೇಳಿದರೆ ಯಾವ ರವಿವಾರವೆಂದು ಕೇಳಬೇಕು. ಇದನ್ನು ಕಲಿಯಲು ನನಗೆ ಮೂರು ರವಿವಾರ ಬೇಕಾದವು.

ಸಿಲಿಂಡರ್ ಬಂದಾಗ ಮನೆಯಲ್ಲಿ ಯಾರಿದ್ದರೂ ಎರಡು ವಿಷಯ ನೋಡಲಿ. ಅದರ ಮೇಲೆ ಖಾಲಿ ತೂಕ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ ತೂಕ ಬರಬೇಕು. ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ವರ್ಷದ ಎರಡು ಅಂಕಿಗಳಿರುತ್ತವೆ; ಎ ಎಂದರೆ ಜನವರಿಯಿಂದ ಮಾರ್ಚ್, ಹೀಗೆ ಮೂರು ಮೂರು ತಿಂಗಳು. ಆ ಅವಧಿಯೊಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ದಾಟಿದ್ದರೆ ಬೇರೆಯದನ್ನು ಕೇಳಬೇಕು.

ಅರ್ಧ ಇಂಚು (ಬೆಳಗಾವಿ) | ಮಂಗಳವಾರ, ರಾತ್ರಿ 10.15

ನನ್ನದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಮೂರನೆಯ ಗೇಟಿನವರು ಬಂದದ್ದು ನನ್ನ ಅಂಗಡಿಗಲ್ಲ, ನಾನು ರವಿವಾರ ತೆರೆಯುವುದಿಲ್ಲ. ಆದರೆ ಕೈ ತಿರುಗಿಸಿ ತೋರಿಸುವ ಗಿರಾಕಿಗಳನ್ನು ದಿನಕ್ಕೆ ಹತ್ತು ಜನರನ್ನಾದರೂ ನೋಡುತ್ತೇನೆ, ಆದ್ದರಿಂದ ಕೌಂಟರಿನ ಈ ಬದಿಯಿಂದ ಸ್ವಲ್ಪ ಹೇಳುತ್ತೇನೆ.

ಆ ವಸ್ತುವನ್ನು ನಾವು ಸ್ಪಿಂಡಲ್ ಎನ್ನುತ್ತೇವೆ. ನಿಮ್ಮ ನಳವನ್ನು ಮುಚ್ಚಲು ನಾಲ್ಕೈದು ಸುತ್ತು ತಿರುಗಿಸಬೇಕಾದರೆ ಅದು ಹಳೆಯ ಬಗೆಯದು; ಅದರ ತುದಿಯ ರಬ್ಬರಿನ ವಾಷರ್ ಸವೆದಿರುತ್ತದೆ, ವಾಷರ್ ಒಂದನ್ನೇ ಬದಲಿಸಿದರೆ ಸಾಕು, ಸ್ಪಿಂಡಲ್ ಬೇಕಾಗಿಯೇ ಇಲ್ಲ. ಕಾಲು ಅಥವಾ ಅರ್ಧ ಸುತ್ತಿಗೆ ಮುಚ್ಚುವುದಾದರೆ ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತಿರುತ್ತವೆ. ಅಲ್ಲಿ ವಾಷರಿನ ಪ್ರಶ್ನೆಯಿಲ್ಲ, ಪೂರ್ತಿ ಬದಲಿಸಬೇಕು. ತೊಂದರೆ ಶುರುವಾಗುವುದು ಇಲ್ಲಿಯೇ. ಅದರ ಉದ್ದ, ಹಿಡಿ ಕೂರುವ ತುದಿಯಲ್ಲಿನ ಹಲ್ಲುಗಳ ಎಣಿಕೆ, ಎಡಕ್ಕೆ ತೆರೆಯುತ್ತದೆಯೋ ಬಲಕ್ಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಫೋಟೋ ತೋರಿಸಿದರೆ ಹಲ್ಲು ಎಣಿಸಲು ಬರುವುದಿಲ್ಲ. ಹಳೆಯದನ್ನು ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಬನ್ನಿ ಎಂದು ಹೇಳಿದರೆ ಗಿರಾಕಿಗಳಿಗೆ ಸಿಟ್ಟು ಬರುತ್ತದೆ, ಏಕೆಂದರೆ ಬಿಚ್ಚಿದರೆ ನೀರು ನಿಲ್ಲಿಸಬೇಕು, ನೀರು ನಿಲ್ಲಿಸಿದರೆ ಮನೆಯವರು ಸಿಟ್ಟಾಗುತ್ತಾರೆ.

ಇನ್ನು ಅಳತೆ. ನನ್ನ ಹೆಸರು ನೋಡಿ ಕೆಲವರಿಗೆ ನಗು ಬಂದಿರಬಹುದು, ಆದರೆ ನನ್ನ ಅರ್ಧ ಆಯುಷ್ಯ ಇದನ್ನು ವಿವರಿಸುವುದರಲ್ಲಿ ಹೋಗಿದೆ. ಗಿರಾಕಿ ಸ್ಕೇಲು ಹಿಡಿದು ನಳದ ಹೊರಗಿನ ತಿರುಪನ್ನು ಅಳೆಯುತ್ತಾರೆ, 21 ಮಿಲಿಮೀಟರ್ ಬರುತ್ತದೆ. ಅದನ್ನು ಇಂಚಿಗೆ ಬದಲಿಸಿ, ಮುಕ್ಕಾಲು ಇಂಚಿನದು ಕೊಡಿ ಎನ್ನುತ್ತಾರೆ. ನಾನು ಅದು ಅರ್ಧ ಇಂಚು ಎಂದರೆ ನನ್ನನ್ನು ಅನುಮಾನದಿಂದ ನೋಡುತ್ತಾರೆ. ಅರ್ಧ ಇಂಚು ಎಂಬುದು ಕೊಳವೆಯ ಒಳಗಿನ ದಾರಿಯಿಂದ ಬಂದ ಹಳೆಯ ಹೆಸರು. ಅದರ ಹೊರ ತಿರುಪು 21 ಮಿಲಿಮೀಟರೇ ಇರುತ್ತದೆ. ನಿಜವಾದ ಮುಕ್ಕಾಲು ಇಂಚಿನದನ್ನು ಹೊರಗಿನಿಂದ ಅಳೆದರೆ 26ರ ಮೇಲೆ ಬರುತ್ತದೆ. ಮಾತು ಕೇಳದೆ ಮುಕ್ಕಾಲಿನದನ್ನು ಒಯ್ದವರು ಸಂಜೆ ಮರಳಿ ಬರುತ್ತಾರೆ, ಆಗ ಅದರ ಮೇಲೆ ಟೆಫ್ಲಾನ್ ಟೇಪು ಹತ್ತು ಸುತ್ತು ಇರುತ್ತದೆ.

ಶನಿವಾರದ ಬಗ್ಗೆ: ನಿಮ್ಮ ತಾಯಿಯವರೊಬ್ಬರೇ ಅಲ್ಲ. ಶನಿವಾರ ನನ್ನಲ್ಲಿ ಮೊಳೆ, ಕೊಂಡಿ, ಕತ್ತಿ ಕೇಳುವವರು ಕಡಿಮೆ. ಬಣ್ಣ, ಪ್ಲಾಸ್ಟಿಕ್ ಕೊಳವೆ, ಬಲ್ಬು ಹೋಗುತ್ತವೆ. ಕೆಲವರು ಶನಿವಾರ ಬಂದು ಆರಿಸಿಟ್ಟು, ಹಣ ಕೊಟ್ಟು, ಸೋಮವಾರ ಒಯ್ಯುತ್ತಾರೆ. ವಸ್ತು ಮನೆಗೆ ಬಂದದ್ದು ಸೋಮವಾರ ಎಂಬುದು ಅವರ ಲೆಕ್ಕ. ಅದರಲ್ಲಿ ನನಗೂ ತಕರಾರಿಲ್ಲ.

ಮೂರನೆಯ ಗೇಟು (ಬೆಳಗಾವಿ) | ಗುರುವಾರ, ರಾತ್ರಿ 9.15

ಎಲ್ಲರಿಗೂ ಉತ್ತರಿಸಲು ತಡವಾಯಿತು. ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಳೆಯ ಸ್ಪಿಂಡಲನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದೆ. ಅಂಗಡಿಯವರು ಒಂದೂ ಪ್ರಶ್ನೆ ಕೇಳದೆ ಗಾಜಿನ ಪೆಟ್ಟಿಗೆಯಿಂದ ಮೂರು ತೆಗೆದು, ಒಂದೊಂದರ ತುದಿಗೂ ನನ್ನ ನಳದ ಹಿಡಿಯನ್ನು ಕೂರಿಸಿ ನೋಡಿ, ಮೂರನೆಯದನ್ನು ಕೊಟ್ಟರು. ನಾಲ್ಕು ನಿಮಿಷ. ಎರಡು ದಿನದಲ್ಲಿ ಆಗದ ಕೆಲಸ ನಾಲ್ಕು ನಿಮಿಷದಲ್ಲಿ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಅವಮಾನವೆನಿಸಿತು.

ಅದರಿಂದ ನನಗೆ ತಿಳಿದದ್ದನ್ನು ಬರೆಯುತ್ತೇನೆ, ನಿಮಗೆ ಮೊದಲೇ ತಿಳಿದಿರಬಹುದು. ನಾನು ಒಂಬತ್ತು ಕೆಲಸಗಳನ್ನೂ ಎರಡು ದಿನಕ್ಕೆ ತಳ್ಳಿದ್ದೆ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಆದ ದಿನ ಇತ್ತು. ಬ್ಯಾಂಕಿಗೆ ಒಂದನೆಯ ಅಥವಾ ಮೂರನೆಯ ಶನಿವಾರ, ಗಿರಣಿಗೆ ಜನವಿಲ್ಲದ ಮಂಗಳವಾರದ ಸಂಜೆ, ಹಾರ್ಡ್‌ವೇರಿಗೆ ವಾರದ ನಡುವಿನ ಮಧ್ಯಾಹ್ನ, ಎಣ್ಣೆಗೆ ಶನಿವಾರವೊಂದನ್ನು ಬಿಟ್ಟು ಯಾವ ದಿನವಾದರೂ. ಈಗ ಚೀಟಿಯಲ್ಲಿ ಕೆಲಸದ ಮುಂದೆ ದಿನವನ್ನೂ ಬರೆಯುತ್ತಿದ್ದೇವೆ. ಈ ವಾರದ ಚೀಟಿಯಲ್ಲಿ ನನ್ನ ಅಕ್ಷರದವು ನಾಲ್ಕು ಸಾಲುಗಳಿವೆ. ಹೆಂಡತಿ ಅದನ್ನು ಓದಿ, ಮಿಕ್ಸರಿನ ರಬ್ಬರನ್ನು ಹೇಗೆ ಗಮನಿಸಿದಿರಿ ಎಂದು ಕೇಳಿದಳು. ಬಿಳಿಜೋಳದವರ ಹೆಸರು ಹೇಳಲಿಲ್ಲ. ಅನಿಲದ ಸಂಖ್ಯೆಯನ್ನು ಅವಳ ಮೊಬೈಲಿಗೆ ಬದಲಿಸಲು ಕೊಟ್ಟಿದ್ದೇನೆ.

ಆದರೆ ನಳ ಇನ್ನೂ ಆಗಿಲ್ಲ. ಹೊಸ ಸ್ಪಿಂಡಲ್ ಹಾಕಲು ನೀರು ನಿಲ್ಲಿಸಬೇಕು. ಕಳೆದ ವಾರ ಟಾಕಿ ಖಾಲಿಯಾಗಿದ್ದುದರಿಂದ ಬಿಚ್ಚಲು ಸಾಧ್ಯವಾಗಿತ್ತು. ಈಗ ಅದು ತುಂಬಿದೆ. ಮಾಳಿಗೆಯ ಮೇಲೆ ಟಾಕಿಯ ಬುಡದಲ್ಲಿ ಗುಂಡನೆಯ ಹಿಡಿಯ ಒಂದು ವಾಲ್ವ್ ಇದೆ. ಮನೆ ಕಟ್ಟಿದಾಗಿನಿಂದ ಅದನ್ನು ಯಾರೂ ಮುಟ್ಟಿದಂತಿಲ್ಲ. ಇಂದು ಸಂಜೆ ಮಳೆಯಲ್ಲಿ ಹೋಗಿ ಎರಡೂ ಕೈಯಿಂದ ತಿರುಗಿಸಿದೆ, ಅಲುಗಲಿಲ್ಲ. ಶನಿವಾರ ದೊಡ್ಡ ಪಾನಾ ಹಾಕಿ ತಿರುಗಿಸಬಹುದೇ?

ಬಿಳಿಜೋಳ (ಬೆಳಗಾವಿ, ವಡಗಾವಿ) | ಗುರುವಾರ, ರಾತ್ರಿ 9.40

ಪಾನಾ ಹಾಕುವ ಮೊದಲು ಮನೆಯ ಎಲ್ಲ ಬಿಂದಿಗೆಗಳನ್ನು ತುಂಬಿಸಿಡಿ. ಜೋಳ ಬೀಸಿಸಿದಿರಾ?

ಮೂರನೆಯ ಗೇಟು (ಬೆಳಗಾವಿ) | ಗುರುವಾರ, ರಾತ್ರಿ 9.45

ಮಂಗಳವಾರ ಸಂಜೆ, ಕಾಳು ಕಚ್ಚಿ ನೋಡಿಯೇ ಒಯ್ದೆ. ಟಕ್ಕೆಂದಿತು. ಮುಂದೆ ಇಬ್ಬರೇ ಇದ್ದರು, ಇಬ್ಬರದೂ ಜೋಳವೇ. ಮುಚ್ಚಳ ಮಾತ್ರ ಬಿಗಿದು ತಂದೆ, ಮಳೆ ಸುರಿಯುತ್ತಿತ್ತು.

ಅರ್ಧ ಇಂಚು (ಬೆಳಗಾವಿ) | ಗುರುವಾರ, ರಾತ್ರಿ 10.30

ಪಾನಾ ಬೇಡ. ಅದು ಗೇಟ್ ವಾಲ್ವ್. ವರ್ಷಗಟ್ಟಲೆ ಮುಟ್ಟದಿದ್ದರೆ ಒಳಗಿನ ಬಾಗಿಲು ಹಿಡಿದುಕೊಂಡಿರುತ್ತದೆ, ಜೋರು ಮಾಡಿದರೆ ಕಡ್ಡಿ ಮುರಿದು ಹಿಡಿ ಮಾತ್ರ ಕೈಗೆ ಬರುತ್ತದೆ, ಅಥವಾ ಕೊಳವೆಯ ಸಂಧಿಯೇ ಬಿಡುತ್ತದೆ. ಕಡ್ಡಿ ಒಳಹೋಗುವಲ್ಲಿ ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ಹನಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಚ್ಚುವ ಕಡೆಗೆ ಸ್ವಲ್ಪ, ತೆರೆಯುವ ಕಡೆಗೆ ಸ್ವಲ್ಪ, ಹೀಗೆ ಕೂದಲಿನಷ್ಟು ಕೂದಲಿನಷ್ಟು ಆಡಿಸಿ. ಬಂದರೆ ಬಂತು. ಬಾರದಿದ್ದರೆ ಟಾಕಿಯ ನೀರು ತಳ ಮುಟ್ಟುವವರೆಗೆ ಬಳಸಿ, ಆ ಖಾಲಿಯಾದ ಅರ್ಧ ಗಂಟೆಯಲ್ಲಿ ಸ್ಪಿಂಡಲ್ ಹಾಕಿಬಿಡಿ, ವಾಲ್ವನ್ನು ಮಳೆಗಾಲ ಮುಗಿದ ಮೇಲೆ ಪ್ಲಂಬರ್ ಕರೆಸಿ ಬದಲಿಸಿ. ಏನೇ ಮಾಡಿದರೂ ರವಿವಾರ ಮಾತ್ರ ಅದನ್ನು ಮುಟ್ಟಬೇಡಿ, ನನ್ನ ಅಂಗಡಿ ಮುಚ್ಚಿರುತ್ತದೆ.